ಡೇಟಾ ಸೆಂಟರುಗಳ ಲೆಕ್ಕ

ಗಣಕಯಂತ್ರಗಳ ಸೇವೆಯು ಆಕಾಶದಿಂದ ತಾನಾಗಿ ಇಳಿದುಬರುವುದೆಂಬ ಭ್ರಮೆಯು ವಿದ್ಯಾವಂತರಲ್ಲಿಯೂ ಬೇರೂರಿದೆ. ವಸ್ತುಸ್ಥಿತಿಯು ಬೇರೆ. ಐರ್ಲೆಂಡಿನಲ್ಲಿ ಮೀಟರಿನಿಂದ ಅಳೆದ ವಿದ್ಯುತ್ತಿನಲ್ಲಿ 2015ರಲ್ಲಿ ಶೇಕಡ 5ರಷ್ಟನ್ನು ಬಳಸಿದ್ದ ಡೇಟಾ ಸೆಂಟರುಗಳು 2023ರಲ್ಲಿ ಶೇಕಡ 21ರಷ್ಟನ್ನು ಬಳಸಿದುವು. ಆ ದೇಶದ ಪಟ್ಟಣಗಳ ಮನೆಗಳೆಲ್ಲ ಕೂಡಿಯೂ ಅಷ್ಟನ್ನು ಬಳಸಲಿಲ್ಲ.

ಇದಕ್ಕೆ ಪರಿಹಾರವಿಲ್ಲವೆಂದು ಕೈಚೆಲ್ಲುವುದು ಸಲ್ಲದು. ಈಥರ್‌ನೆಟ್ ತಂತಿಯ ಎರಡು ತುದಿಯ ಯಂತ್ರಗಳು ಸಂದೇಶವಿಲ್ಲದ ವೇಳೆಯಲ್ಲಿಯೂ ವಿದ್ಯುತ್ತನ್ನು ವ್ಯಯಮಾಡುತ್ತಿದ್ದುವು. ಐ.ಇ.ಇ.ಇ. ಸಂಸ್ಥೆಯು 2010ರಲ್ಲಿ ಅಂಗೀಕರಿಸಿದ ನಿಬಂಧನೆಯು ಅಂಥ ವೇಳೆಯಲ್ಲಿ ನಿದ್ರಿಸುವ ಕ್ರಮವನ್ನು ಅವಕ್ಕೆ ಕಲಿಸಿತು. ಆದರೆ ಅದು ಐಚ್ಛಿಕ. ಕ್ಷಣಮಾತ್ರದ ವಿಳಂಬಕ್ಕೂ ಅಂಜಿ ಅನೇಕರು ಅದನ್ನು ನಿಲ್ಲಿಸಿಡುವರು. ಮಿತವ್ಯಯದ ಉಪಾಯವಿದ್ದೂ ಬಳಸದಿರುವುದು ಲೆಕ್ಕವನ್ನು ಮರೆಯಲ್ಲಿಟ್ಟವರಿಗೆ ಸುಲಭ. ಅದು ಬಹಿರಂಗವಾದಲ್ಲಿ ಕಷ್ಟ.

ಐರೋಪ್ಯ ಒಕ್ಕೂಟವು 2023ರ ಶಾಸನದಿಂದ 500 ಕಿಲೋವ್ಯಾಟ್ ಹಾಗೂ ಅದಕ್ಕೆ ಮೇಲ್ಪಟ್ಟ ಡೇಟಾ ಸೆಂಟರುಗಳು ವಿದ್ಯುತ್ತು, ನೀರುಗಳ ವೆಚ್ಚವನ್ನು ವರದಿಮಾಡಬೇಕೆಂದು ವಿಧಿಸಿದೆ. 2024ರ ಬೇಸಗೆಯಲ್ಲಿ ಕೊಡ ನೀರಿಗೆ ಪರದಾಡಿದ ಬೆಂಗಳೂರಿನಲ್ಲಿಯೂ ಇಂಥ ಆಗಾರಗಳುಂಟು. ಉದ್ಯಮವು ಬೇಡವೆಂದು ನಾವು ಹೇಳೆವು. ಪ್ರಜೆಗಳ ನೀರನ್ನೂ ವಿದ್ಯುತ್ತನ್ನೂ ಬಳಸುವವರು ಪ್ರಜೆಗಳಿಗೆ ಲೆಕ್ಕ ಒಪ್ಪಿಸತಕ್ಕದ್ದೆಂಬುದಷ್ಟೇ ನಮ್ಮ ವಾದ. ಹೊಸ ಪರವಾನಗಿಗೆ ರುಜು ಹಾಕುವ ಮುನ್ನ ಸರ್ಕಾರದವರು ಈ ಷರತ್ತನ್ನು ಬರೆಸಿಕೊಳ್ಳುವರೆಂದು ನಂಬುತ್ತೇವೆ.