ದೋಣಿಯಲ್ಲಿ ‘ಸ್ವಲ್ಪ ಅಡ್ಜಸ್ಟ್’ ಬೇಡ

ಶಾಲೆಗಳಿಗೆ ರಜೆ ಬಂತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಪುಳಿಯೋಗರೆ ಕಟ್ಟಿಕೊಂಡು ವ್ಯಾನಿನಲ್ಲಿ ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ರಂಗನತಿಟ್ಟು. ಇನ್ನೂ ದೂರ ಹೋಗುವವರಿಗೆ ಮಲ್ಪೆ, ಕಾರವಾರ. ಹೊರಡುವಾಗ ನೀವು ಜ್ವರದ ಮಾತ್ರೆ, ವಾಂತಿಯ ಮಾತ್ರೆ ಮರೆಯುವುದಿಲ್ಲ. ಕುಡಿಯುವ ನೀರನ್ನೂ ಮನೆಯಿಂದಲೇ ಒಯ್ಯುತ್ತೀರಿ. ಇಷ್ಟೆಲ್ಲ ಎಚ್ಚರ ವಹಿಸುವವರು ದೋಣಿ ಹತ್ತುವಾಗ ಮಾತ್ರ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿ ಮರಳುತ್ತಿದ್ದವರ ದೋಣಿ ಸಮುದ್ರದಲ್ಲಿ ಮಗುಚಿತು. ಮಕ್ಕಳೂ ಸೇರಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮುಳುಗಿ 22 ಮಂದಿ ಸತ್ತರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ನೀರುಪಾಲಾದರು. ಸಮುದ್ರ, ಹಿನ್ನೀರು, ಊರೊಳಗಿನ ಕೆರೆ ಹೀಗೆ ಜಾಗಗಳು ಬೇರೆಯಾದರೂ ವರದಿಗಳು ಹೇಳಿದ ಕಾರಣ ಒಂದೇ: ಮಿತಿ ಮೀರಿದ ಜನ, ಮೈಮೇಲಿಲ್ಲದ ಲೈಫ್ ಜಾಕೆಟ್. ಇದನ್ನು ಗ್ರಹಚಾರ ಎಂದು ಸುಮ್ಮನಾಗುವುದು ಸರಿಯಲ್ಲ. ಇದು ತಡೆಯಬಹುದಾದ ಸಾವು. ಕಾಲರಾದಂತೆ, ಧನುರ್ವಾಯುವಿನಂತೆ ಇದೂ ಆರೋಗ್ಯದ ಪ್ರಶ್ನೆಯೇ. 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ.

ಎಂಜಿನ್ ದೊಡ್ಡದಾದರೆ ಒಳ್ಳೆಯದೇ?

ನಿಮ್ಮ ಮನೆಯ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟಾರು ಸಾಮಾನ್ಯವಾಗಿ ಅರ್ಧ ಅಥವಾ ಒಂದು ಅಶ್ವಶಕ್ತಿಯದು. ಒಂದು ಅಶ್ವಶಕ್ತಿ ಎಂದರೆ 746 ವಾಟ್. ದೋಣಿಯ ಹಿಂದೆ 40 ಅಶ್ವಶಕ್ತಿಯ ಎಂಜಿನ್ ತೂಗುಹಾಕಿದ್ದರೆ ಅಂಥ ನಲವತ್ತು ಮೋಟಾರುಗಳು ಒಟ್ಟಿಗೆ ತಳ್ಳುತ್ತಿವೆ ಎಂದಾಯಿತು. ದೋಣಿಯ ಉದ್ದ, ಅಗಲ, ಹಿಂಬದಿಯ ಹಲಗೆಯ ಬಲ ಇವು ಆ ಶಕ್ತಿಯನ್ನು ತಾಳುವಂತಿರಬೇಕು.

ಸಣ್ಣ ದೋಣಿಗೆ ದೊಡ್ಡ ಎಂಜಿನ್ ಕಟ್ಟಿದರೆ ಅದರ ಭಾರಕ್ಕೇ ಹಿಂಬದಿ ನೀರಿಗೆ ತಗ್ಗುತ್ತದೆ. ವೇಗವಾಗಿ ಬಂದು ತಟ್ಟನೆ ನಿಧಾನ ಮಾಡಿದಾಗ, ದೋಣಿಯೇ ಎಬ್ಬಿಸಿದ ಅಲೆ ಹಿಂದಿನಿಂದ ಒಳಕ್ಕೆ ನುಗ್ಗಬಹುದು. ರಭಸದಿಂದ ತಿರುಗಿಸಿದರೆ ಅಂಚಿನಲ್ಲಿ ಕುಳಿತವರು ಹೊರಗೆ ಬೀಳುತ್ತಾರೆ. ಕೆಳಗೆ ಪ್ರೊಪೆಲ್ಲರ್ ತಿರುಗುತ್ತಿರುತ್ತದೆ.

ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಸಾಮಾನ್ಯ ಮೋಟಾರು ದೋಣಿಗಳ ಮೇಲೆ ಒಂದು ಫಲಕ ಇರಲೇಬೇಕು. ಎಷ್ಟು ಜನ, ಎಷ್ಟು ತೂಕ, ಹೊರಗೆ ತೂಗುವ ಎಂಜಿನ್ ಆದರೆ ಗರಿಷ್ಠ ಎಷ್ಟು ಅಶ್ವಶಕ್ತಿ ಎಂಬುದನ್ನು ಅದರಲ್ಲಿ ಬರೆದಿರಬೇಕು. ನಮ್ಮಲ್ಲಿ 1917ರ ಹಳೆಯ ಕಾನೂನಿನ ಬದಲಿಗೆ 2021ರಲ್ಲಿ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ನದಿ, ಹಿನ್ನೀರುಗಳಲ್ಲಿ ಓಡುವ ಯಂತ್ರಚಾಲಿತ ದೋಣಿಗಳ ತಪಾಸಣೆ ಮತ್ತು ನೋಂದಣಿ ಈ ಕಾಯ್ದೆಯ ಪ್ರಕಾರ ಕಡ್ಡಾಯ. ಕಾಯ್ದೆಯೇನೋ ಒಳ್ಳೆಯದೇ. ಆದರೆ ತಪಾಸಣೆಯ ಪ್ರಮಾಣಪತ್ರ ಕಚೇರಿಯ ಕಡತದಲ್ಲಿದ್ದರೆ ಮಗುವನ್ನು ಎತ್ತಿಕೊಂಡು ದಡದಲ್ಲಿ ನಿಂತ ತಾಯಿಗೆ ಏನು ಉಪಯೋಗ? ಎಷ್ಟು ಜನ, ಎಷ್ಟು ಅಶ್ವಶಕ್ತಿ, ಕೊನೆಯ ತಪಾಸಣೆ ಯಾವಾಗ ಎಂಬ ಮೂರು ವಿವರಗಳನ್ನು ದೋಣಿ ಹತ್ತುವ ಜಾಗದಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಬೇಕು. ಇದಕ್ಕೆ ತಗಲುವ ಖರ್ಚು ಒಂದು ಡಬ್ಬ ಬಣ್ಣದ್ದು ಮಾತ್ರ.

ಜಾಕೆಟ್ ಎಲ್ಲಿರಬೇಕು?

ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರೆ ಕಾಲು ನೋಯುತ್ತದೆ, ಅಷ್ಟೆ. ದೋಣಿಯಲ್ಲಿ ಇನ್ನೂ ನಾಲ್ವರು ಹತ್ತಿದರೆ ಅಂಚು ನೀರಿಗೆ ಅಷ್ಟು ಹತ್ತಿರವಾಗುತ್ತದೆ. ಫೋಟೊ ತೆಗೆಯಲು ಎಲ್ಲರೂ ಒಂದೇ ಕಡೆ ಎದ್ದು ನಿಂತರೆ ದೋಣಿ ಮಗುಚಲು ಬೇರೆ ಕಾರಣ ಬೇಕಿಲ್ಲ.

ಲೈಫ್ ಜಾಕೆಟ್ ಸೀಟಿನ ಕೆಳಗಿದ್ದರೆ ಇಲ್ಲದಂತೆಯೇ. ಮಗುಚಿದ ಮೇಲೆ ಅದನ್ನು ಹುಡುಕಿ ತೊಡಲು ಸಮಯ ಇರುವುದಿಲ್ಲ. ಅಮೆರಿಕದ ಲೆಕ್ಕ ನೋಡಿ: ಅಲ್ಲಿ ದೋಣಿ ಅಪಘಾತಗಳಲ್ಲಿ ಮುಳುಗಿ ಸತ್ತವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಜಾಕೆಟ್ ತೊಟ್ಟಿರಲಿಲ್ಲ. ಸೀರೆ ಸುಕ್ಕಾಗುತ್ತದೆ, ಸೆಕೆಯಾಗುತ್ತದೆ, ನನಗೆ ಈಜು ಬರುತ್ತದೆ ಎಂಬ ನೆಪಗಳನ್ನು ಬಿಡಿ. ತಲೆಗೆ ಪೆಟ್ಟು ಬಿದ್ದವನಿಗೆ ಈಜು ನೆನಪಿಗೆ ಬಾರದು.

ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ತೊಡಿಸಿ, ಪಟ್ಟಿಗಳನ್ನೆಲ್ಲ ಬಿಗಿದು, ಭುಜದ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಕಿವಿಯವರೆಗೆ ಜಾರಿದರೆ ಅದು ದೊಡ್ಡದು, ನೀರಿನಲ್ಲಿ ಮಗು ಅದರೊಳಗಿಂದ ನುಸುಳಿ ಹೋಗುತ್ತದೆ.

ನೀರಿನಿಂದ ಎತ್ತಿದ ಮೇಲೆ

ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ. ಉಸಿರಿಗೇ ಪರದಾಡುವಾಗ ಕೂಗಲು ಗಾಳಿ ಎಲ್ಲಿಂದ ಬರಬೇಕು? ಆಮ್ಲಜನಕ ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿಯಾಗುತ್ತದೆ. ಆದ್ದರಿಂದ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಮುಂತಾದವುಗಳಲ್ಲಿ ಕಾಲ ಕಳೆಯಬೇಡಿ. ಹೊಟ್ಟೆ ಒತ್ತಿದರೆ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ.

ಉಸಿರಾಟ ಇಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎದೆ ಏರುವಂತೆ ಎರಡು ಸಲ ಊದಿ. ನಂತರ ಎದೆಯ ನಡುವೆ 30 ಸಲ ಬಲವಾಗಿ ಒತ್ತಿ, ಮತ್ತೆ ಎರಡು ಸಲ ಊದಿ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120 ಇರಲಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ತೋರಿಸಲೇಬೇಕು, ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಉಲ್ಬಣಿಸಬಹುದು.

ಇದೆಲ್ಲ ಕೊನೆಯ ಮಾತು. ಮೊದಲ ಮಾತು ದಡದಲ್ಲೇ ಆಡಬೇಕಾದದ್ದು. ‘ಎಷ್ಟು ಜನಕ್ಕೆ ಅನುಮತಿ? ಎಲ್ಲರಿಗೂ ಜಾಕೆಟ್ ಇದೆಯೇ?’ ಎಂದು ಕೇಳಿ. ಉತ್ತರ ಸರಿ ಇಲ್ಲದಿದ್ದರೆ, ಮಕ್ಕಳು ಎಷ್ಟೇ ಅತ್ತರೂ ಹತ್ತಬೇಡಿ. ಟಿಕೆಟ್ಟಿನ ದುಡ್ಡು ಹೋದರೆ ಹೋಗಲಿ. ಮರದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿ, ದಡದಿಂದಲೇ ಹಕ್ಕಿ ತೋರಿಸಿ. ಪ್ರವಾಸಕ್ಕೆ ಹೋದಷ್ಟೇ ಜನ ಮನೆಗೆ ಮರಳುವುದು ಮುಖ್ಯ.