ಯೂನಿಟ್ ಬರೆಯದ ಉತ್ತರಕ್ಕೆ ಅರ್ಧ ಅಂಕ ಯಾಕೆ? (ಅಳತೆಯ ಮಾತು – 6)

ಹಿಂದಿನ ಪೋಸ್ಟ್‌ನ ಕಮೆಂಟ್‌ಗಳಲ್ಲಿ ಒಂದೇ ದೂರು ಪದೇ ಪದೇ ಬಂತು. "ಲೆಕ್ಕ ಸರಿ ಇದ್ರೂ ಯೂನಿಟ್ ಬರೆದಿಲ್ಲ ಅಂತ ಅರ್ಧ ಅಂಕ ಕಟ್ ಮಾಡ್ತಾರೆ, ಇದು ನ್ಯಾಯಾನಾ?"

ನನ್ನನ್ನು ಕೇಳಿದ್ರೆ ನ್ಯಾಯ ಅಲ್ಲ. ಪೂರ್ತಿ ಅಂಕ ಕಟ್ ಮಾಡಬೇಕು.

ಬೈಯೋ ಮೊದಲು ಪೂರ್ತಿ ಓದಿ 🙏

ಅರ್ಧ ಅಂಕ ಕಟ್ ಮಾಡಿದಾಗ ಮಗು ಏನು ಕಲಿಯುತ್ತೆ? ಸಂಖ್ಯೆಯೇ ಉತ್ತರ, ಯೂನಿಟ್ ಅನ್ನೋದು ಸಾರಿನ ಮೇಲೆ ಉದುರಿಸೋ ಕೊತ್ತಂಬರಿ ಸೊಪ್ಪು, ಇದ್ರೆ ಚೆಂದ, ಇಲ್ಲದಿದ್ರೂ ಊಟ ಆಗುತ್ತೆ ಅಂತ. ಆದರೆ ಭೌತ ಪರಿಮಾಣ ಅಂದ್ರೆ ಸಂಖ್ಯೆ ಮತ್ತು ಏಕಮಾನ ಎರಡೂ ಸೇರಿದ್ದು. ಬರೀ "20" ಅನ್ನೋದು ಉತ್ತರವೇ ಅಲ್ಲ. 20 ಏನು? ಮೀಟರಾ, ಸೆಕೆಂಡಾ, ಬಾಳೆಹಣ್ಣಾ?

ಈ ವಿಷಯ ಬಂದಾಗ ಎಲ್ಲರೂ 1999ರಲ್ಲಿ ನಾಸಾ ಕಳೆದುಕೊಂಡ ಮಂಗಳನೌಕೆಯ ಕಥೆ ಹೇಳ್ತಾರೆ. ಒಳ್ಳೆ ಕಥೆನೇ, ಆದರೆ ಮಂಗಳ ಬಹಳ ದೂರ. ನಿಮ್ಮ ಮನೆ ಔಷಧಿ ಡಬ್ಬಿ ಹತ್ತಿರ ಬನ್ನಿ.

ಮಕ್ಕಳ ಜ್ವರಕ್ಕೆ ಕೊಡೋ ಪ್ಯಾರಸಿಟಮಾಲ್ ತಗೊಳ್ಳಿ. ಸಾಮಾನ್ಯವಾಗಿ ಸಿಗೋ ಒಂದು ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ. ಔಷಧಿ ಇರುತ್ತೆ. ಇನ್ನೊಂದರಲ್ಲಿ 5 ಮಿ.ಲೀ.ಗೆ 250 ಮಿ.ಗ್ರಾಂ. ಕೂಸುಗಳಿಗೆ ಕೊಡೋ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ. ಈಗ ಯಾರೋ ಫೋನಿನಲ್ಲಿ "ಐದು ಕೊಡು" ಅಂದ್ರು ಅಂದ್ಕೊಳ್ಳಿ. ಮೊದಲ ಸಿರಪ್‌ನಲ್ಲಿ ಐದು ಮಿ.ಲೀ. ಅಂದ್ರೆ 120 ಮಿ.ಗ್ರಾಂ. ಡ್ರಾಪ್ಸ್‌ನಲ್ಲಿ ಅದೇ ಐದು ಮಿ.ಲೀ. ಅಂದ್ರೆ 500 ಮಿ.ಗ್ರಾಂ., ಅಂದ್ರೆ ದೊಡ್ಡವರು ನುಂಗೋ ಒಂದು ಇಡೀ ಮಾತ್ರೆ. "ಐದು" ಬದಲಾಗಲಿಲ್ಲ. ಅದರ ಪಕ್ಕ ಇರಬೇಕಿದ್ದದ್ದು ಇರಲಿಲ್ಲ, ಅಷ್ಟೇ.

ಇನ್ಸುಲಿನ್ ಕಥೆ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಮಿ.ಲೀ.ಗೆ 40 ಯೂನಿಟ್ ಇರೋ ಇನ್ಸುಲಿನ್ನೂ ಸಿಗುತ್ತೆ, 100 ಯೂನಿಟ್ ಇರೋದೂ ಸಿಗುತ್ತೆ. ಸಿರಿಂಜೂ ಬೇರೆ ಬೇರೆ: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಬರೋದು ಅರ್ಧ ಮಿ.ಲೀ. ಬಾಟಲಿ 100ರದ್ದಾಗಿದ್ರೆ ಆ ಅರ್ಧ ಮಿ.ಲೀ.ನಲ್ಲಿ 50 ಯೂನಿಟ್ ಇರುತ್ತೆ. ಅಂದ್ರೆ ಎರಡೂವರೆ ಪಟ್ಟು ಡೋಸ್! ಸಕ್ಕರೆ ಕಾಯಿಲೆಯವರು ಇರೋ ಮನೆಯಲ್ಲಿ ಇದು ಎಂಟನೇ ಕ್ಲಾಸಿನ ಪಾಠ ಅಲ್ಲ, ಜೀವದ ಪ್ರಶ್ನೆ ಕಣ್ರೀ.

ಹಾಗಾದ್ರೆ ಶಾಲೆಯಲ್ಲಿ ಏನು ಬದಲಾಗಬೇಕು? ಯೂನಿಟ್ಟನ್ನು ಕೊನೇ ಸಾಲಿನಲ್ಲಿ ಅಂಟಿಸೋದು ಬಿಟ್ಟು, ಮೊದಲ ಸಾಲಿನಿಂದ ಜೊತೆಗೆ ನಡೆಸಿಕೊಂಡು ಬರಬೇಕು. ಗಂಟೆಗೆ 72 ಕಿ.ಮೀ.ನ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಮಾಡಿ ಅಂದ್ರೆ ಮಕ್ಕಳು "5/18" ಅಂತ ಬಾಯಿಪಾಠ ಒಪ್ಪಿಸ್ತಾರೆ. ಅದರಿಂದ ಗುಣಿಸೋದಾ, ಭಾಗಿಸೋದಾ ಅನ್ನೋದು ಪರೀಕ್ಷೆ ಹಾಲ್‌ನಲ್ಲಿ ಸರಿಯಾಗಿ ಕೈಕೊಡುತ್ತೆ. ಬದಲಿಗೆ 72 × 1000 ಮೀಟರ್ ÷ 3600 ಸೆಕೆಂಡ್ ಅಂತ ಬರೆದು ನೋಡಿ. ಸೆಕೆಂಡಿಗೆ 20 ಮೀಟರ್. ಸೂತ್ರ ನೆನಪಿಡಬೇಕಿಲ್ಲ. (ಅದೇ ವೇಗದಲ್ಲಿ ಬೈಕ್ ಓಡಿಸ್ತಾ ಎರಡು ಸೆಕೆಂಡ್ ಮೊಬೈಲ್ ನೋಡಿದ್ರೆ 40 ಮೀಟರ್ ಕಣ್ಣು ಮುಚ್ಚಿ ಹೋದಂಗೆ.)

ಜೊತೆಗೆ ನಡೆಯೋ ಯೂನಿಟ್ ತಪ್ಪನ್ನೂ ಹಿಡಿದುಕೊಡುತ್ತೆ. 30×40 ಸೈಟು, 1200 ಚದರ ಅಡಿ. 1 ಮೀಟರ್‌ಗೆ 3.28 ಅಡಿ ಅಂತ ಒಂದೇ ಸಲ ಭಾಗಿಸಿದ್ರೆ 366 ಬರುತ್ತೆ. ಬರೀ ಸಂಖ್ಯೆ ನೋಡಿದ್ರೆ ಅನುಮಾನವೇ ಬರಲ್ಲ. ಯೂನಿಟ್ ಬರೆದಿದ್ರೆ ಒಂದು ಅಡಿ ಕ್ಯಾನ್ಸಲ್ ಆಗಿ, ಇನ್ನೊಂದು ಅಡಿ ಅಲ್ಲೇ ಕೂತಿರೋದು ಕಾಣುತ್ತೆ. ಎರಡು ಸಲ ಭಾಗಿಸಬೇಕು: ಸುಮಾರು 111.5 ಚದರ ಮೀಟರ್. ಆ 366ರಲ್ಲಿ ಇಂಥ ಮೂರು ಸೈಟ್ ಹಿಡಿದು ಇನ್ನೂ ಜಾಗ ಉಳಿಯುತ್ತೆ!

"ಬೋರ್ಡ್ ಪರೀಕ್ಷೆಯಲ್ಲಿ ಅಷ್ಟು ಟೈಮ್ ಎಲ್ಲಿದೆ ಸಾರ್" ಅಂತೀರಾ? ಒಪ್ತೀನಿ, ಸಾಲಿಗೆ ನಾಲ್ಕು ಸೆಕೆಂಡ್ ಜಾಸ್ತಿ ಹಿಡಿಯುತ್ತೆ. ಆದರೆ ತಪ್ಪು ಹುಡುಕೋಕೆ ಹೋಗೋ ಹತ್ತು ನಿಮಿಷ ಉಳಿಯುತ್ತೆ. ಇನ್ನೊಂದು ಮಾತು, ಹೀಗೆ ಕಲಿಸದೇ ಪೂರ್ತಿ ಅಂಕ ಕಟ್ ಮಾಡೋದು ಮಾತ್ರ ಅನ್ಯಾಯವೇ. ಮೊದಲು ಕಲಿಸಲಿ, ಆಮೇಲೆ ಕಟ್ ಮಾಡಲಿ.

ಅಂದಹಾಗೆ, ಕರೆಂಟ್ ಬಿಲ್‌ನಲ್ಲಿ "ಈ ತಿಂಗಳು ಎಷ್ಟು ಯೂನಿಟ್ ಬಂತು?" ಅಂತೀವಲ್ಲ, ಅದು ಯಾವುದರ ಯೂನಿಟ್? ಕಿಲೋವ್ಯಾಟ್-ಗಂಟೆ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದ್ರೆ ಒಂದು. ಹೆಸರೇ ಬಿದ್ದುಹೋಗಿ ಬರೀ "ಯೂನಿಟ್" ಆಗಿ ಉಳಿದ ಯೂನಿಟ್ ಇದು 😄 ಒಂದು ಯೂನಿಟ್‌ಗೆ ಎಷ್ಟು ಜೂಲ್ ಅಂತ ಲೆಕ್ಕ ಮಾಡಿ ಕಮೆಂಟ್ ಹಾಕಿ. ಬರೀ ಸಂಖ್ಯೆ ಹಾಕಿದವರಿಗೆ ಸೊನ್ನೆ.

#ಅಳತೆಯಮಾತು #ಕನ್ನಡದಲ್ಲಿವಿಜ್ಞಾನ #ಭೌತಶಾಸ್ತ್ರ