ಮನೆಯ ಹಿರಿಯರನ್ನು ಕೇಳಿ ಬರೆದಿಡೋಣ

ಬ್ಯಾಂಕಿನಲ್ಲಿ ಗ್ರಾಹಕರ ಗುರುತನ್ನು ಖಚಿತಪಡಿಸಿಕೊಳ್ಳಲು ಕೇಳುವ ಪ್ರಶ್ನೆಗಳಲ್ಲಿ ತಾಯಿಯ ತವರುಮನೆಯ ಹೆಸರೂ ಒಂದು. ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ಪರರಿಗೆ ಕೇಳುತ್ತ ಬಂದ ನನಗೆ ನನ್ನ ಸ್ವಂತ ಅಜ್ಜಿಯ ಹುಟ್ಟುಹೆಸರು ತಿಳಿದಿರಲಿಲ್ಲ. ಮದುವೆಯಲ್ಲಿ ಆಕೆಯ ಹೆಸರನ್ನು ಬದಲಿಸಿದ್ದರೆಂಬುದೂ ಗೊತ್ತಿರಲಿಲ್ಲ. ಈ ಅಜ್ಞಾನವನ್ನು ನನ್ನ ಲಕ್ಷ್ಯಕ್ಕೆ ತಂದವರು ಒಬ್ಬ ವೈದ್ಯರು.

ಕಳೆದ ವರ್ಷದ ತಪಾಸಣೆಯಲ್ಲಿ ನನ್ನ ರಕ್ತದಲ್ಲಿ ಸಕ್ಕರೆಯ ಅಂಶ ಮಿತಿ ಮೀರಿದ್ದುದು ಕಂಡುಬಂತು. ಮನೆತನದಲ್ಲಿ ಯಾರಿಗೆ ಈ ಕಾಯಿಲೆ ಇತ್ತು, ಯಾವ ವಯಸ್ಸಿನಲ್ಲಿ ಬಂತು, ತಂದೆಯವರ ತಂದೆ ಯಾವುದರಿಂದ ತೀರಿಕೊಂಡರು ಎಂದು ವೈದ್ಯರು ಒಂದೊಂದಾಗಿ ಕೇಳಿದರು. ತಂದೆಯವರು 2016ರಲ್ಲಿಯೇ ತೀರಿಹೋಗಿದ್ದರು. ಅಜ್ಜನವರ ಬಗೆಗೆ ನಮ್ಮ ಮನೆಯಲ್ಲಿ ಪ್ರಚಲಿತವಿದ್ದ ಮಾತು ಒಂದೇ: ‘ಮುಳ್ಳು ತುಳಿದು ಸತ್ತರು.’ ಅದನ್ನೇ ಹೇಳಿದೆ. “ಮುಳ್ಳಿನಿಂದಲೋ, ಆ ಗಾಯ ಮಾಯದೆ ಹೋದುದರಿಂದಲೋ? ಬಲ್ಲವರಿದ್ದರೆ ವಿಚಾರಿಸಿ ಬನ್ನಿ” ಎಂದರು.

ಬಲ್ಲವರು ಉಳಿದಿದ್ದುದು ಒಬ್ಬರೇ. ತಂದೆಯವರ ಅಕ್ಕ, ಎಪ್ಪತ್ತೆಂಟು ವರ್ಷದ ನನ್ನ ಸೋದರತ್ತೆ, ಇದೇ ಪುಣೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಹಬ್ಬಕ್ಕೆ ಹೋಗಿ, ಕಾಲಿಗೆರಗಿ, ಹೋಳಿಗೆ ಉಂಡು ಬರುತ್ತಿದ್ದೆನೇ ಹೊರತು ಅವರನ್ನು ಎಂದೂ ಏನನ್ನೂ ಕೇಳಿದವನಲ್ಲ. ಕೇಳಿದಾಗ ಅವರು ಕ್ಷಣವೂ ತಡೆಯಲಿಲ್ಲ. “ಮುಳ್ಳು ಯಾರು ತುಳದಿಲ್ಲ, ತಮ್ಮಾ? ಅಪ್ಪನ ಕಾಲು ಮಾತ್ರ ಆರು ತಿಂಗಳಾದ್ರೂ ಮಾಯಲಿಲ್ಲ. ಬಚ್ಚಲದಾಗ ಇರುವಿ ಮುತ್ತತಿದ್ವು. ನಮ್ಮ ಕಾಕಾಗೂ ಹಂಗ ಆಗಿತ್ತು.” ಮೂತ್ರಕ್ಕೆ ಇರುವೆ ಮುತ್ತುವುದು ಮಧುಮೇಹದ ಲಕ್ಷಣವೆಂದು ನಮ್ಮ ಪ್ರಾಚೀನ ವೈದ್ಯರೇ ಬಲ್ಲವರಾಗಿದ್ದರು. ನಮ್ಮ ಮನೆಯಲ್ಲಿ ಮಾತ್ರ ಎರಡು ತಲೆಮಾರು ಆ ಪಾಪದ ಮುಳ್ಳಿನ ಮೇಲೆ ಅಪವಾದ ಹೊರಿಸುತ್ತ ಬಂದೆವು. ನನ್ನ ತಮ್ಮನೂ ಈಗ ರಕ್ತಪರೀಕ್ಷೆ ಮಾಡಿಸಿಕೊಂಡಿದ್ದಾನೆ.

ಕಾಯಿಲೆಯನ್ನು ವಿಚಾರಿಸಲು ಹೋದವನು ಅಂದಿನಿಂದ ಭಾನುವಾರಗಳಂದು ನೋಟುಬುಕ್ಕು ಹಿಡಿದು ಹೋಗುತ್ತಿದ್ದೇನೆ. ಸಂಘದ ಬಾಂಧವರೂ ಹೀಗೆ ಮಾಡಬೇಕೆಂಬುದು ನನ್ನ ನಿವೇದನೆ. ಪರಸ್ಥಳದಲ್ಲಿ ನೆಲೆಸಿದ ನಮಗೆ ಇದರ ಅಗತ್ಯ ಊರಿನವರಿಗಿಂತ ಹೆಚ್ಚು. ಊರಿನಲ್ಲಿ ಹೊಲ, ಬಾವಿ, ಗದ್ದುಗೆಗಳಾದರೂ ನೆನಪು ಹೇಳುತ್ತವೆ. ನಮ್ಮ ಇಂಡಿ ತಾಲೂಕಿನ ಕಡೆ ಹೆಳವರು ಎತ್ತಿನ ಮೇಲೆ ಬಂದು, ಒಕ್ಕಲು ಮನೆತನದ ವಂಶಾವಳಿಯನ್ನು ತಲೆಮಾರುಗಟ್ಟಲೆ ಹೇಳಿ, ಕಾಳುಕಡಿ ಪಡೆದು ಹೋಗುತ್ತಿದ್ದರು. ಪುಣೆಯ ಮೂರನೆಯ ಮಹಡಿಯ ಫ್ಲ್ಯಾಟಿಗೆ ಹೆಳವರ ಎತ್ತು ಹತ್ತಲಾರದು.

ಹಿರಿಯರಿಗೆ ಇಸವಿಗಳು ನೆನಪಿರುವುದಿಲ್ಲವೆಂದು ಅನೇಕರು ಕೈಬಿಡುತ್ತಾರೆ. ಇಸವಿಯನ್ನು ಕೇಳಬಾರದು, ಘಟನೆಯನ್ನು ಕೇಳಬೇಕು. ಪುಣೆಗೆ ಎಂದು ಬಂದಿರಿ ಎಂದರೆ ಅತ್ತೆಯವರಿಗೆ ತಿಳಿಯದು. ಆದರೆ ಬಂದ ಮರು ಮಳೆಗಾಲಕ್ಕೆ ಪಾನಶೇತ ಒಡೆಯಿತೆಂಬುದು ನೆನಪಿದೆ. ಪಾನಶೇತ ಅಣೆಕಟ್ಟು ಒಡೆದು ಮುಠಾ ದಂಡೆಯ ಪೇಟೆಗಳು ಮುಳುಗಿದ್ದು 1961ರ ಜುಲೈ 12ರಂದು. ಅಲ್ಲಿಗೆ ಲೆಕ್ಕ ಕೂಡಿತು: 1960. ಕೊಯ್ನಾ ಭೂಕಂಪ (1967), 1972ರ ಬರಗಾಲ, ತುರ್ತು ಪರಿಸ್ಥಿತಿ, ಇವೆಲ್ಲ ಹೀಗೆಯೇ ಉಪಯೋಗಕ್ಕೆ ಬರುತ್ತವೆ. ಕಾಗದಪತ್ರಗಳಿದ್ದರೆ ಅವನ್ನೂ ತೆಗೆದು ನೋಡಬೇಕು. 1956ರ ನವೆಂಬರದವರೆಗೆ ಆ ಭಾಗ ಮುಂಬಯಿ ರಾಜ್ಯದಲ್ಲಿತ್ತಾದ್ದರಿಂದ ಕೆಲವು ಮರಾಠಿಯಲ್ಲಿ, ಇನ್ನೂ ಹಳೆಯವು ಮೋಡಿ ಲಿಪಿಯಲ್ಲಿ ಇರುವುದುಂಟು.

ಅಜ್ಜನವರು ಒಕ್ಕಲುತನ ಬಿಟ್ಟು ಪುಣೆಗೆ ಬಂದು ಗೌಂಡಿಯಾದುದೇಕೆ? ಮಳೆ ಹೋಯಿತೆಂದು ಅತ್ತೆಯವರು ಹೇಳುತ್ತಾರೆ. ಊರಿನ ದಾಯಾದಿಯೊಬ್ಬರು, ಅಣ್ಣನೊಡನೆ ಬಾಂದಿನ ಕಲ್ಲಿಗಾಗಿ ಜಗಳವಾಯಿತೆನ್ನುತ್ತಾರೆ. ವಾಣಿಜ್ಯ ಪದವೀಧರನಾದ ನನಗೆ ತಾಳೆಯಾಗದ ಲೆಕ್ಕವೆಂದರೆ ನಿದ್ದೆ ಬರದು. ಬ್ಯಾಂಕಿನಲ್ಲಾದರೆ ಅಂಥದನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ಬೇಗ ತೀರಿಸಲು ಒದ್ದಾಡುತ್ತೇವೆ. ಇಲ್ಲಿ ಎರಡನ್ನೂ ಹೇಳಿದವರ ಹೆಸರಿನ ಸಹಿತ ಬರೆದು ಹಾಗೆಯೇ ಬಿಟ್ಟಿದ್ದೇನೆ. ನಮ್ಮ ಬುದ್ಧಿಗೆ ಸರಿಕಂಡದ್ದನ್ನಷ್ಟೇ ಬರೆದರೆ ಅದು ಅವರ ಕಥೆಯಾಗದು, ನಮ್ಮದಾಗುತ್ತದೆ.

ಅವರ ಮಾತಿನಲ್ಲೇ ಬರೆಯುವುದು ಲೇಸು. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವು, ಅದನ್ನು ತೆರೆದ ಕೂಡಲೆ ಇಳಿದರೆ ಕೆಟ್ಟ ಗಾಳಿಗೆ ಉಸಿರುಗಟ್ಟುವುದೆಂದು ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದುದು, ಇದನ್ನೆಲ್ಲ ನನ್ನ ಮಗಳು ಪಕ್ಕದಲ್ಲಿ ಕುಳಿತು ಕೇಳಿದಳು. ಆಕೆ ಓದುವುದು ಇಂಗ್ಲಿಷಿನಲ್ಲಿ, ಆಡುವುದು ಮರಾಠಿಯಲ್ಲಿ. ‘ಹಗೇವು’ ಎಂಬ ಶಬ್ದ ನಮ್ಮ ಮನೆಯಲ್ಲಿ ಅವಳ ಬಾಯಿಗೆ ಬಂದದ್ದು ಅಂದೇ ಮೊದಲು.

ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಡುವುದು ಸುಲಭ. ಆದರೆ ಮನೆಗೆ ಬಂದು ಕಾಗದದ ಮೇಲೆ ಇಳಿಸದಿದ್ದರೆ ಅದು ಫೋನು ಬದಲಿಸಿದಾಗ ಹೋಗುತ್ತದೆ. ಒಂದು ಗಂಟೆಗಿಂತ ಹೆಚ್ಚು ದಣಿಸಬಾರದು. ಬರೆಯಬೇಡವೆಂದದ್ದನ್ನು ಬರೆಯಬಾರದು. ಕಾಯಿಲೆಗಳಿಗೆ ಒಂದು ಪುಟ ಬೇರೆಯೇ ಇರಲಿ: ಸಕ್ಕರೆ, ರಕ್ತದೊತ್ತಡ, ಕ್ಯಾನ್ಸರ್ ಯಾರಿಗೆ, ಎಷ್ಟನೆಯ ವಯಸ್ಸಿನಲ್ಲಿ ಬಂದವು ಎಂಬುದು. ತಂದೆಗೋ ಅಣ್ಣತಮ್ಮಂದಿರಿಗೋ ಐವತ್ತೈದರ ಒಳಗೆ, ತಾಯಿಗೋ ಅಕ್ಕತಂಗಿಯರಿಗೋ ಅರವತ್ತೈದರ ಒಳಗೆ ಹೃದಯಾಘಾತವಾಗಿದ್ದರೆ ವೈದ್ಯರು ಅದಕ್ಕೆ ವಿಶೇಷ ಗಮನ ಕೊಡುತ್ತಾರೆ. ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ನಮ್ಮಲ್ಲಿದ್ದುದರಿಂದ, ಯಾವ ಮದುವೆ ರಕ್ತಸಂಬಂಧದಲ್ಲಾಯಿತೆಂಬುದನ್ನೂ ಬರೆಯತಕ್ಕದ್ದು. ಕೆಲವು ಆನುವಂಶಿಕ ರೋಗಗಳು ಅಂಥಲ್ಲಿ ಹೆಚ್ಚಾಗಿ ತೋರಿಕೊಳ್ಳುತ್ತವೆ.

ಸಾಮಾನ್ಯರಾದ ನಮ್ಮ ಚರಿತ್ರೆ ಯಾರಿಗೆ ಬೇಕು ಎಂದು ಸ್ನೇಹಿತರೊಬ್ಬರು ನಕ್ಕರು. ನಾನು ಉತ್ತರ ಕೊಡಲಿಲ್ಲ. ಅಜ್ಜಿ ಹಡೆದದ್ದು ಐದು ಮಕ್ಕಳನ್ನೆಂದು ನಾವೆಲ್ಲ ತಿಳಿದಿದ್ದೆವು. ಅತ್ತೆಯವರು ಬೆರಳು ಮಡಿಚಿ ಒಂಬತ್ತು ಎಣಿಸಿದರು. ಹೋದ ನಾಲ್ವರಲ್ಲಿ ಒಬ್ಬ ಸಿಡುಬಿಗೆ ಆಹುತಿಯಾದ. ಇಬ್ಬರಿಗೆ ಹೆಸರನ್ನೂ ಇಟ್ಟಿರಲಿಲ್ಲ. “ಇದನ್ನ ಯಾರೂ ಕೇಳಿದ್ದಿಲ್ಲ, ತಮ್ಮಾ” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ನಾಲ್ವರನ್ನೂ ಕ್ರಮಸಂಖ್ಯೆಯ ಪ್ರಕಾರ ಬರೆಯಿಸಿದರು. ಅಜ್ಜಿಯ ಹುಟ್ಟುಹೆಸರು ಮಾತ್ರ ಅವರಿಗೂ ಗೊತ್ತಿಲ್ಲ. ಅಜ್ಜಿಯ ತವರಿನವರೊಬ್ಬರು ಸೋಲಾಪುರದಲ್ಲಿದ್ದಾರಂತೆ. ಬರುವ ತಿಂಗಳ ಎರಡನೆಯ ಶನಿವಾರ ಅಲ್ಲಿಗೆ ಹೊರಟಿದ್ದೇನೆ.